ತುದಿ ನೀಲಿಯಾದ ಉಳಿಗೆ ಕಡಿಮೆ ಖರ್ಚಿನ ದಾರಿ ಇದೆಯಾ?

ಜಮಖಂಡಿ ಹೊಸಬ: ಅಜ್ಜನ ಉಳಿಯನ್ನು ಅಂಗಡಿಯಲ್ಲಿ ಗ್ರೈಂಡರ್‌ಗೆ ಹಿಡಿಸಿದೆ. ತುದಿ ನೀಲಿಯಾಗಿದೆ. ಸಾಗವಾನಿಯಲ್ಲಿ ನಾಲ್ಕು ಏಟಿಗೇ ಮೊಂಡಾಗುತ್ತದೆ. ದುಬಾರಿ ಸಾಣೆಕಲ್ಲು ಕೊಳ್ಳೋಕಾಗಲ್ಲ.

ಬಾಗಲಕೋಟೆ ಬಡಿಗ: ನೀಲಿ ಅಂದ್ರೆ ಉಕ್ಕಿನ ಹದ ಹೋಯ್ತು ರೀ. ಅಷ್ಟು ಭಾಗ ಸವೆಸಿ ತೆಗೀಲೇಬೇಕು. ಪಕ್ಕದಲ್ಲಿ ನೀರಿನ ಡಬ್ಬಿ ಇರಲಿ, ಬೆರಳಿಗೆ ಬಿಸಿ ತಾಗುತ್ತಲೇ ಅದ್ದಿ. ಆಮೇಲೆ ಇಳಕಲ್ ಗ್ರಾನೈಟಿನ ಪಾಲಿಶ್ ಆದ ತುಂಡೊಂದು ತನ್ನಿ, ಕಲ್ಲಿನ ಅಂಗಡಿ ಹಿಂದೆ ಸುಮ್ನೆ ಬಿದ್ದಿರುತ್ತೆ. ನೀರು ಚಿಮುಕಿಸಿದ್ರೆ ವಾಟರ್ ಪೇಪರ್ (ನೀರು ಹಾಕಿ ತಿಕ್ಕೋ ಉಜ್ಜುಕಾಗದ) ತಾನೇ ಹಿಡ್ಕೊಳ್ಳುತ್ತೆ, ಅಂಟು ಬೇಡ. 220, 400, 1000 ನಂಬರ್ ಸಾಕು, ಒರಟಿನಿಂದ ನುಣುಪಿಗೆ. ಮೊದಲು ಬೆನ್ನು, ಅಂದ್ರೆ ಉಳಿಯ ಇಳಿಜಾರಿಲ್ಲದ ಕಡೆ, ಚಪ್ಪಟೆಯಾಗಲಿ. ಬೆನ್ನು ಸರಿ ಇಲ್ಲದಿದ್ರೆ ಎಷ್ಟು ತಿಕ್ಕಿದರೂ ದಂಡ. ಆಮೇಲೆ ತುದಿಯ ಇಳಿಜಾರು ತಿಕ್ಕುವಾಗ ಬೆನ್ನ ಕಡೆ ಸಣ್ಣ ತರಿ ಬೆರಳಿಗೆ ಹತ್ತಬೇಕು, ತುದಿಯ ಉದ್ದಕ್ಕೂ. ಆಗಲೇ ಮುಂದಿನ ಪೇಪರ್.

ಜಮಖಂಡಿ ಹೊಸಬ: ಕೋನ ಹೆಂಗೆ ಅಳೆಯೋದು ಅಣ್ಣಾ?

ಬಾಗಲಕೋಟೆ ಬಡಿಗ: ಇಳಿಜಾರಿನ ಉದ್ದ ಉಳಿಯ ದಪ್ಪದ ಎರಡರಷ್ಟಿದ್ರೆ 30 ಡಿಗ್ರಿ. ಶಾಲೆ ಮಕ್ಕಳ ಸ್ಕೇಲ್ ಸಾಕು.

ಮುಧೋಳದವ: ಕೊನೆಗೆ ಹಳೆ ಚರ್ಮದ ಬೆಲ್ಟಿಗೆ ಹಸಿರು ಪಾಲಿಶ್ ಸೋಪು ಹಚ್ಚಿ ಅದರ ಮೇಲೆ ಉಳಿ ಎಳೀರಿ. ಹಿಂದಕ್ಕೆ ಮಾತ್ರ. ಮುಂದಕ್ಕೆ ದೂಡಿದ್ರೆ ಬೆಲ್ಟೇ ಕುಯ್ದುಹೋಗುತ್ತೆ.