ಬ್ರಿಟಿಷ್ ಲೇಲ್ಯಾಂಡ್‌ನ ಮುಳುಗಿಸಿದ್ದು ಯೂನಿಯನ್ನಾ, ಮ್ಯಾನೇಜ್‌ಮೆಂಟಾ?

ಮೈಸೂರ್ ಮೋಟಾರು: 1968ರಲ್ಲಿ ಆಸ್ಟಿನ್, ಮಾರಿಸ್, ಜಾಗ್ವಾರ್, ರೋವರ್, ಟ್ರಯಂಫ್ ಎಲ್ಲಾ ಒಂದೇ ಕಂಪನಿ ಆದಾಗ ಬ್ರಿಟನ್‌ನಲ್ಲಿ ಮಾರಾಟ ಆಗೋ ಕಾರುಗಳಲ್ಲಿ ಸುಮಾರು 40% ಇವರದ್ದೇ ಇತ್ತು. ಏಳೇ ವರ್ಷಕ್ಕೆ ದುಡ್ಡು ಖಾಲಿ, 1975ರಲ್ಲಿ ಸರ್ಕಾರವೇ ಕೈಗೆ ತಗೊಂಡು ಉಳಿಸಬೇಕಾಯ್ತು. ನನ್ನ ಪ್ರಕಾರ ಸ್ಟ್ರೈಕ್‌ಗಳೇ ಕಾರಣ. ಸಣ್ಣಪುಟ್ಟದಕ್ಕೆಲ್ಲಾ ಕೆಲಸ ನಿಲ್ಲಿಸ್ತಾ ಹೋದ್ರೆ ಯಾವ ಕಂಪನಿ ತಾನೇ ಉಳಿಯುತ್ತೆ ಹೇಳಿ.

ಹುಬ್ಬಳ್ಳಿ ಗ್ಯಾರೇಜ್: ಅಲ್ರೀ, ಎಲ್ಲಾ ಕೆಲಸಗಾರರ ಮ್ಯಾಲೆ ಹಾಕಿದ್ರ ಹ್ಯಾಂಗ? 1973ರಾಗ ಆಸ್ಟಿನ್ ಅಲೆಗ್ರೋ ಬಿಟ್ರು. ಅದರ ಹಿಂದಿನ ಆಕಾರ ನೋಡಿದ್ರ ಗ್ಲಾಸ್ ಸಮೇತ ಮ್ಯಾಲೆ ಎತ್ತೋ ಬಾಗಿಲ ಇರಬೇಕಿತ್ತು, ಆದ್ರ ಕೊಡಲಿಲ್ಲ, ಯಾಕಂದ್ರ ಅದು ತಮ್ಮದ ಮ್ಯಾಕ್ಸಿ ಕಾರಿಗೆ ಮೀಸಲ ಇಟ್ಟಿದ್ರು. ಸ್ಟೇರಿಂಗ್ ಮಾತ್ರ ಚೌಕ ಮಾಡಿದ್ರು, ಎರಡು ವರ್ಷದಾಗ ತಗದು ಮತ್ತ ದುಂಡಂದು ಹಾಕಿದ್ರು. ಇದನ್ನೇನು ಲೈನ್ ಮ್ಯಾಲೆ ನಿಂತು ನಟ್ ಬಿಗಿಯಾಂವ ಡಿಸೈನ್ ಮಾಡಿದ್ನೇನ್ರಿ?

ಮೈಸೂರ್ ಮೋಟಾರು: ಡಿಸೈನ್ ತಪ್ಪು ಒಪ್ತೀನಿ ಸರ್. ಆದ್ರೆ ಲಾಂಗ್‌ಬ್ರಿಡ್ಜ್ ಫ್ಯಾಕ್ಟರಿ ಯೂನಿಯನ್ ಮುಖಂಡ ಡೆರೆಕ್ ರಾಬಿನ್ಸನ್‌ನ 1979ರಲ್ಲಿ ಕೆಲಸದಿಂದ ತೆಗೆದಾಗ, ಅವರ ಪರ ಸ್ಟ್ರೈಕ್ ಮಾಡೋಣ್ವಾ ಅಂತ ಕೇಳಿದ್ರೆ ಕೆಲಸಗಾರರೇ ಬೇಡ ಅಂತ ಭಾರೀ ಬಹುಮತದಲ್ಲಿ ಹೇಳಿದ್ರು. ಅವ್ರಿಗೇ ಸಾಕಾಗಿತ್ತು.

ಶಾಲಿನಿ ಕೆ: ಅಷ್ಟೊತ್ತಿಗೆ ರೋಗ ಹಳೇದಾಗಿತ್ತಲ್ವಾ. ವಿಲೀನಕ್ಕೂ ಮುಂಚೆನೇ, 1959ರಲ್ಲಿ ಬಂದ ಮಿನಿನ ಫೋರ್ಡ್‌ನವರು ಬಿಡಿಬಿಡಿಯಾಗಿ ಬಿಚ್ಚಿ ಲೆಕ್ಕ ಹಾಕಿದಾಗ ಒಂದೊಂದು ಕಾರಿಗೂ ಸುಮಾರು 30 ಪೌಂಡ್ ಲಾಸ್ ಆಗ್ತಿರಬೇಕು ಅಂತ ಸಿಕ್ಕಿತ್ತು. ಜನ ಮುಗಿಬಿದ್ದು ತಗೋತಿದ್ದ ಕಾರಲ್ಲೇ ಲಾಭ ಇಲ್ಲ ಅಂದ್ರೆ ಮುಂದಿನ ಮಾಡೆಲ್‌ಗೆ ದುಡ್ಡೆಲ್ಲಿಂದ ಬರ್ಬೇಕು? ಆಮೇಲೆ ಒಂದೇ ಕಂಪನಿ ಅಂತ ಬೋರ್ಡ್ ಹಾಕಿದ್ರೇ ಹೊರತು ಒಳಗೆ ಯಾರೂ ಒಂದಾಗ್ಲೇ ಇಲ್ಲ. ರೋವರ್ ಹತ್ರ ಒಳ್ಳೆ 3.5 ಲೀಟರ್ ವಿ8 ಇಂಜಿನ್ ರೆಡಿ ಇದ್ರೂ ಟ್ರಯಂಫ್‌ನವರು ಸ್ಟ್ಯಾಗ್ ಕಾರಿಗೆ ತಮ್ಮದೇ ಬೇರೆ ವಿ8 ಹಾಕಿದ್ರು, ಅದು ಬಿಸಿಯಾಗಿ ಬಿಸಿಯಾಗಿ ಕಾರಿನ ಹೆಸರೇ ಕೆಟ್ಟೋಯ್ತು. ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಇದಕ್ಕೇ.

ಹುಬ್ಬಳ್ಳಿ ಗ್ಯಾರೇಜ್: ಬರೋಬ್ಬರಿ ಹೇಳಿದ್ರಿ ಅಕ್ಕಾರ.

ದಾವಣಗೆರೆ ರವಿ: ಕೊನೆಗೆ ಏನಾಯ್ತು ಇದು? ಈಗಿನ ಎಂಜಿ ಅದೇನಾ?

ಶಾಲಿನಿ ಕೆ: ಹೆಸರು ಮಾತ್ರ ಅದೇ ರವಿ, ಈಗ ಚೀನಾದ ಎಸ್‌ಎಐಸಿ ಕೈಲಿದೆ. ಉಳಿದಿದ್ದ ಕಾರ್ ಬಿಸಿನೆಸ್ 1994ರಲ್ಲಿ ಬಿಎಂಡಬ್ಲ್ಯೂ ಪಾಲಾಯ್ತು, ಅವರು ಮಿನಿ ಇಟ್ಕೊಂಡು ಲ್ಯಾಂಡ್ ರೋವರ್‌ನ ಫೋರ್ಡ್‌ಗೆ ಮಾರಿ ರೋವರ್‌ನ 2000ದಲ್ಲಿ ಬರೀ 10 ಪೌಂಡ್‌ಗೆ ಕೊಟ್ಟು ಕೈ ತೊಳ್ಕೊಂಡ್ರು. 2005ರ ಏಪ್ರಿಲ್‌ನಲ್ಲಿ ಎಂಜಿ ರೋವರ್ ದಿವಾಳಿ, ಸುಮಾರು 6,000 ಜನರ ಕೆಲಸ ಹೋಯ್ತು. ಜಾಗ್ವಾರ್, ಲ್ಯಾಂಡ್ ರೋವರ್ ಎರಡೂ 2008ರಿಂದ ನಮ್ಮ ಟಾಟಾದ್ದು.

ಮೈಸೂರ್ ಮೋಟಾರು: ಟಾಟಾ ಕೈಲಿ ಅವೆರಡು ಉಳ್ಕೊಂಡ್ವು ಅಂದ್ರೆ ಬ್ರ್ಯಾಂಡ್‌ನಲ್ಲಿ ದಮ್ ಇತ್ತು, ನಡೆಸೋರು ಸರಿ ಇರ್ಲಿಲ್ಲ ಅಂತಾಯ್ತು. ಅಷ್ಟು ಒಪ್ಕೋತೀನಿ. ಸ್ಟ್ರೈಕ್ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗಲ್ಲ.

ಹುಬ್ಬಳ್ಳಿ ಗ್ಯಾರೇಜ್: ಅದೇ ರೋವರ್ ಎಸ್‌ಡಿ1 ಯುರೋಪಿನ ವರ್ಷದ ಕಾರ್ ಅಂತ 1977ರಾಗ ಪ್ರಶಸ್ತಿ ತಗೊಂಡಿತ್ತು. ಅದನ್ನ 1985ರಾಗ ಮದ್ರಾಸಿನವರು ಸ್ಟ್ಯಾಂಡರ್ಡ್ 2000 ಅಂತ ಮಾಡಿದ್ರು, ಆದ್ರ ಬಾನೆಟ್ ಒಳಗ ಮಾತ್ರ ಓಬೀರಾಯನ ಕಾಲದ ವ್ಯಾನ್‌ಗಾರ್ಡ್ ಇಂಜಿನ್. ಅಷ್ಟು ಚಂದದ ಗಾಡಿಗೆ ಅನ್ಯಾಯ ಮಾಡಿದ್ರು.