‘ಶಾಸಕರ ಅನುದಾನ’: ಕೊಡುವವರು ಯಾರು, ಪಡೆಯುವವರು ಯಾರು?

ಸರ್ಕಾರದ ಖರ್ಚುವೆಚ್ಚದ ಸುದ್ದಿಗಳಲ್ಲಿ ದಿನನಿತ್ಯ ಕಾಣುವ ‘ಅನುದಾನ’ ಎಂಬ ಪದದ ಬಳಕೆಯನ್ನು ಕುರಿತು ಬಲ್ಲವರ ಅಭಿಪ್ರಾಯ ತಿಳಿಯಬಯಸುತ್ತೇನೆ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಹೊಸ ಸಿಮೆಂಟ್ ಕಾಂಕ್ರೀಟ್ (ಸಿಸಿ) ರಸ್ತೆಯ ತುದಿಗೆ ನೆಟ್ಟಿರುವ ಫಲಕಗಳನ್ನು ನೋಡಿದರೆ, ಕಾಮಗಾರಿಯ ಹೆಸರು ಮತ್ತು ಅಂದಾಜು ಮೊತ್ತಕ್ಕಿಂತ ದಪ್ಪ ಅಕ್ಷರಗಳಲ್ಲಿ ‘ಮಾನ್ಯ ಶಾಸಕರ ಅನುದಾನದಲ್ಲಿ’ ಎಂದು ಬರೆದಿರುತ್ತದೆ. ಇಲ್ಲಿ ‘ಶಾಸಕರ’ ಎಂಬ ಷಷ್ಠಿಗೆ, ಅಂದರೆ ಒಡೆತನ ಸೂಚಿಸುವ ವಿಭಕ್ತಿಗೆ, ಏನರ್ಥ?

ಸಂವಿಧಾನದ 203ನೇ ಅನುಚ್ಛೇದದಂತೆ, ರಾಜ್ಯ ಸರ್ಕಾರವು ತನ್ನ ವೆಚ್ಚದ ಅಂದಾಜುಗಳನ್ನು ಅನುದಾನದ ಬೇಡಿಕೆಗಳ ರೂಪದಲ್ಲಿ ವಿಧಾನಸಭೆಯ ಮುಂದಿಡಬೇಕು; ಸಭೆಯು ಅದನ್ನು ಒಪ್ಪಬಹುದು, ನಿರಾಕರಿಸಬಹುದು, ಇಲ್ಲವೇ ಮೊತ್ತವನ್ನು ಕಡಿತಗೊಳಿಸಬಹುದು. ಅಂದರೆ ಈ ಪದದ ಮೂಲ ಬಳಕೆಯಲ್ಲಿ ಬೇಡುವುದು ಸರ್ಕಾರ, ಕೊಡುವುದು ಜನಪ್ರತಿನಿಧಿಗಳ ಸಭೆ, ಕೊಡುವ ಹಣ ತೆರಿಗೆದಾರರದು. ಫಲಕದಲ್ಲಾದರೋ ಕೊಡುವವರು ಒಬ್ಬ ವ್ಯಕ್ತಿ, ಪಡೆಯುವವರು ಊರಿನ ಜನ. ಪದ ಅದೇ ಇದ್ದರೂ ದಿಕ್ಕು ಪೂರ್ತಿ ತಿರುಗಿದೆ.

ಪದದೊಳಗಿನ ‘ದಾನ’ವೇ ಇದಕ್ಕೆ ಕಾರಣವೆಂದು ಕೆಲವರು ವಾದಿಸುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ‘ಮತದಾನ’ದಲ್ಲೂ ದಾನವಿದೆ, ಆದರೆ ಮತ ಹಾಕಿ ಬಂದವರನ್ನು ಯಾರೂ ದಾನಿಗಳೆಂದು ಭಾವಿಸುವುದಿಲ್ಲ. ‘ಹಣಕಾಸು ಆಯೋಗದ ಅನುದಾನ’ ಎಂದು ಗ್ರಾಮ ಪಂಚಾಯಿತಿಯವರು ಹೇಳುವಾಗಲೂ ಗೊಂದಲ ಹುಟ್ಟುವುದಿಲ್ಲ, ಏಕೆಂದರೆ ಆಯೋಗ ಶಿಫಾರಸು ಮಾಡಿತು, ಹಣ ಸರ್ಕಾರದ್ದು ಎಂಬುದು ಅವರಿಗೆ ಗೊತ್ತಿರುತ್ತದೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿಯೂ ಶಾಸಕರ ಪಾತ್ರ ಶಿಫಾರಸಿನದು, ಮಂಜೂರಾತಿ ಜಿಲ್ಲಾಡಳಿತದ್ದು. ಹೀಗಾಗಿ ತೊಂದರೆ ಇರುವುದು ‘ಅನುದಾನ’ದಲ್ಲಲ್ಲ, ಶಿಫಾರಸು ಮಾಡಿದವರನ್ನು ಒಡೆಯರನ್ನಾಗಿಸುವ ಷಷ್ಠಿ ವಿಭಕ್ತಿಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಲೋಕೋಪಯೋಗಿ ಇಲಾಖೆಯ ಹಣದಲ್ಲಾದ ರಸ್ತೆಗೂ ಇದೇ ಒಕ್ಕಣೆ ಬಳಕೆಯಾಗುತ್ತಿರುವುದು ಇನ್ನೂ ಖೇದಕರ. ಸರ್ಕಾರದ ಲೆಕ್ಕಪತ್ರಗಳಲ್ಲಿ ವೆಚ್ಚದ ಬಗೆಯನ್ನು ಸೂಚಿಸುವ ಸಂಖ್ಯೆಗಳಿವೆ. ಈ ಲೆಕ್ಕಶೀರ್ಷಿಕೆಗಳಲ್ಲಿ 5054 ಎಂದರೆ ರಸ್ತೆ ಮತ್ತು ಸೇತುವೆಗಳನ್ನು ಹೊಸದಾಗಿ ಕಟ್ಟುವಂಥ ಬಂಡವಾಳ ವೆಚ್ಚ. 3054 ಎಂದರೆ ಅವುಗಳ ದುರಸ್ತಿ, ನಿರ್ವಹಣೆಯಂಥ ರಾಜಸ್ವ (ದೈನಂದಿನ) ವೆಚ್ಚ. ಮಳೆಗಾಲ ಕಳೆದ ಮೇಲೆ ಸಕಲೇಶಪುರ, ಮೂಡಿಗೆರೆಯ ಕಡೆಯವರಿಗೆ ನಿಜವಾಗಿ ಬೇಕಾಗುವುದು ಈ ಎರಡನೆಯದು, ಆದರೆ ಗುಂಡಿ ಮುಚ್ಚಿದ್ದಕ್ಕೆ ಫಲಕ ನೆಟ್ಟಿದ್ದನ್ನು ನಾನು ಕಂಡಿಲ್ಲ. ಹೊಸದನ್ನು ಕಟ್ಟುವುದಕ್ಕೆ ಸಿಗುವ ಗೌರವ ಇದ್ದುದನ್ನು ಉಳಿಸಿಕೊಳ್ಳುವುದಕ್ಕೆ ಸಿಗದಿರುವುದು ನಮ್ಮಂಥ ಅಭಿವೃದ್ಧಿಶೀಲ ದೇಶಕ್ಕೆ ಬಹಳ ದುಬಾರಿಯಾಗುತ್ತದೆ.

ಇದರೊಂದಿಗೆ ಇನ್ನೊಂದು ಮಾತು. ಪತ್ರಿಕೆಗಳಲ್ಲಿ ‘ಅನುದಾನ ಬಂದಿದೆ’ ಎಂದು ಬರೆದಾಗ, ಹಣ ಮಂಜೂರಾಗಿದೆಯೋ, ಬಿಡುಗಡೆಯಾಗಿದೆಯೋ, ಖರ್ಚೇ ಆಗಿದೆಯೋ ಎಂಬುದು ಓದುಗರಿಗೆ ತಿಳಿಯುವುದಿಲ್ಲ. ಮಂಜೂರಾದ ಹಣವೆಲ್ಲ ಬಿಡುಗಡೆಯಾಗುವುದಿಲ್ಲ; ಬಿಡುಗಡೆಯಾದದ್ದೂ ಆರ್ಥಿಕ ವರ್ಷದ ಕೊನೆಯ ದಿನವಾದ ಮಾರ್ಚ್ 31ರೊಳಗೆ ಖರ್ಚಾಗದಿರಬಹುದು. ಈ ಮೂರಕ್ಕೂ ಕಚೇರಿಗಳಲ್ಲಿ ಬೇರೆ ಬೇರೆ ಪದಗಳು ಬಳಕೆಯಲ್ಲಿರುವಾಗ ವರದಿಗಾರರು ಅವುಗಳನ್ನೇ ಬಳಸಬಹುದಲ್ಲವೇ?

ಫಲಕಗಳಲ್ಲಿ ‘ಶಾಸಕರ ಶಿಫಾರಸಿನಂತೆ, ರಾಜ್ಯ ಸರ್ಕಾರದ ಅನುದಾನದಲ್ಲಿ’ ಎಂದು ಬರೆಯಬಹುದೆಂದು ನನಗೆ ತೋರುತ್ತದೆ. ಇದಕ್ಕಿಂತ ಚಿಕ್ಕದಾದ, ಅಷ್ಟೇ ಸ್ಪಷ್ಟವಾದ ಒಕ್ಕಣೆ ಬೇರೆ ಜಿಲ್ಲೆಗಳಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.