ಮಾರ್ಚ್ ಮ್ಯಾಡ್‌ನೆಸ್: 20 ಸೆಂಟ್ ಅಂದರೆ ಗೆಲ್ಲುವ ಚಾನ್ಸ್ ಶೇ 20 ಅಂತಲೇನಾ?

ಕ್ಯಾರಿ_ಕನ್ನಡಿಗ:
ನಾನಿರುವುದು ನಾರ್ತ್ ಕೆರೋಲಿನಾದಲ್ಲಿ. ಮಾರ್ಚ್ ಬಂತೆಂದರೆ ಇಲ್ಲಿ ಮಾರ್ಚ್ ಮ್ಯಾಡ್‌ನೆಸ್, ಅಂದರೆ ಅಮೆರಿಕದ ಪುರುಷರ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿ; ಆಫೀಸಿನಲ್ಲಿ ಕೆಲಸ ಅಷ್ಟಕ್ಕಷ್ಟೇ. ಡ್ಯೂಕ್ ವಿಶ್ವವಿದ್ಯಾಲಯದವರು ಒಂದು ಕಡೆ, ಯುಎನ್‌ಸಿಯವರು ಇನ್ನೊಂದು ಕಡೆ, ಮಧ್ಯೆ ಎನ್‌ಸಿ ಸ್ಟೇಟ್‌ನವರು 11ನೇ ಸೀಡ್ (ತಮ್ಮ ಗುಂಪಿನ 16 ಶ್ರೇಯಾಂಕಗಳಲ್ಲಿ 11ನೆಯದು) ಆಗಿದ್ದೂ 2024ರಲ್ಲಿ ಫೈನಲ್ ಫೋರ್‌ಗೆ (ಕೊನೆಯ ನಾಲ್ಕು ತಂಡಗಳ ಹಂತಕ್ಕೆ) ಹೋದ ಕಥೆ ಹೇಳ್ಕೊಂಡು ಓಡಾಡುತ್ತಾರೆ. ಬ್ರಾಕೆಟ್ (ಯಾವ ಪಂದ್ಯ ಯಾರು ಗೆಲ್ಲುತ್ತಾರೆ ಎಂಬ ಊಹೆಯ ಪಟ್ಟಿ) ತುಂಬುವುದು ನನಗೂ ಗೊತ್ತು. ಆದರೆ ಈಗ ಎಲ್ಲರ ಬಾಯಲ್ಲೂ ಫಲಿತಾಂಶದ ಮೇಲೆ ಕಾಂಟ್ರಾಕ್ಟ್ ಕೊಳ್ಳುವ, ಮಾರುವ ತಾಣಗಳಾದ ಕಾಲ್ಶಿ, ಪಾಲಿಮಾರ್ಕೆಟ್. ತಂಡ ಚಾಂಪಿಯನ್ ಆದರೆ ಕಾಂಟ್ರಾಕ್ಟ್‌ಗೆ 1 ಡಾಲರ್, ಇಲ್ಲದಿದ್ದರೆ ಸೊನ್ನೆ. ಅಷ್ಟು ಅರ್ಥ ಆಯಿತು. ಹಾಗಿದ್ದರೆ 20 ಸೆಂಟ್‌ಗೆ ಸಿಗುವ ತಂಡಕ್ಕೆ ಚಾನ್ಸ್ ಶೇ 20 ತಾನೇ? ಮತ್ತೆ ಎಲ್ಲಾ ತಂಡಗಳ ಬೆಲೆ ಕೂಡಿದರೆ 100 ದಾಟುವುದು ಯಾಕೆ? ಗೆಲ್ಲುವುದು ಒಂದೇ ತಂಡ ಅಲ್ವಾ? ಇನ್ನೊಂದು, ಎಲ್ಲರೂ ಹೊಗಳುವ ಫೇವರಿಟ್‌ಗೂ ಬರೀ 20, 25 ಯಾಕೆ?

ಲೆಕ್ಕದ_ಮೇಷ್ಟ್ರು:
ಕೊನೆಯದ್ದು ಸುಲಭ, ಮೊದಲು ಅದನ್ನೇ ನೋಡೋಣ. ಇದು ಲೀಗ್ ಅಲ್ಲ, ಒಂದು ಸಲ ಸೋತರೆ ಮನೆಗೆ. ಕಪ್ ಬೇಕಂದರೆ ಆರು ಪಂದ್ಯ ಸತತವಾಗಿ ಗೆಲ್ಲಬೇಕು. ಒಂದು ಗಟ್ಟಿ ತಂಡಕ್ಕೆ ಮೊದಲ ಪಂದ್ಯದಲ್ಲಿ ಶೇ 97, ಆಮೇಲೆ 88, 80, 70, 60, 55 ಅಂತ ಇಟ್ಟುಕೊಳ್ಳಿ. ಪ್ರತಿ ಪಂದ್ಯದಲ್ಲೂ ಅದೇ ಮುಂದಿದೆ. ಎಲ್ಲಾ ಗುಣಿಸಿ ನೋಡಿ, ಸುಮಾರು 16 ಬರುತ್ತದೆ! ಹಾಗಾಗಿ ಟೂರ್ನಿ ಶುರುವಾಗುವ ಮುಂಚೆ 25 ಸೆಂಟ್ ಅಂದರೆ ಕಮ್ಮಿ ಏನಲ್ಲ, ಮಾರ್ಕೆಟ್ ಆ ತಂಡವನ್ನು ತಲೆ ಮೇಲೆ ಹೊತ್ತುಕೊಂಡಿದೆ ಅಂತಲೇ ಅರ್ಥ.

100 ದಾಟುವುದಕ್ಕೆ ಒಂದು ಕಾರಣ ಬಾಲದಲ್ಲಿದೆ. ತಂಡಗಳು 68. ಬೆಲೆ 1 ಸೆಂಟ್‌ಗಿಂತ ಕೆಳಗೆ ಇಳಿಯದ ಕಡೆ ಅತಿ ದುರ್ಬಲ ತಂಡಕ್ಕೂ 1 ಸೆಂಟ್ ಕೊಡಲೇಬೇಕು. 12ರಿಂದ 16ನೇ ಸೀಡ್ ತನಕ ಲೆಕ್ಕ ಹಾಕಿ, ನಾಲ್ಕು ರೀಜನ್ (ಗುಂಪು) ಸೇರಿ ಕಮ್ಮಿ ಅಂದರೂ 20 ತಂಡ, ಅಲ್ಲೇ 20 ಸೆಂಟ್ ಹೋಯಿತು. ಆದರೆ 1985ರಲ್ಲಿ 64 ತಂಡಗಳ ಟೂರ್ನಿ ಶುರುವಾದಾಗಿನಿಂದ 2025ರ ತನಕ ಇವುಗಳಲ್ಲಿ ಒಂದೂ ಫೈನಲ್ ಫೋರ್ ಮುಖ ಕೂಡ ನೋಡಿಲ್ಲ. ಚಾಂಪಿಯನ್ ಆದವರಲ್ಲಿ ಅತಿ ಕೆಳಗಿನ ಸೀಡ್ 1985ರ ವಿಲನೋವಾ, ಅದು 8. ಹೌದು, 2018ರಲ್ಲಿ ಯುಎಂಬಿಸಿ 16ನೇ ಸೀಡ್ ಆಗಿ 1ನೇ ಸೀಡ್ ವರ್ಜೀನಿಯಾಗೆ 74-54ರಲ್ಲಿ ಬಾರಿಸಿತು, 2023ರಲ್ಲಿ ಪರ್ಡ್ಯೂ ಕೂಡ ಹಾಗೇ ಬಿತ್ತು. ಆದರೆ ಅವು ಒಂದೊಂದು ಪಂದ್ಯ. ಆರು ಅಲ್ಲ.

ಬೆಂಚ್_ಮೇಲೆ_ಕೂತವನು:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಸ್ಪ್ರೆಡ್ ಮರೆತರು. ಸ್ಕ್ರೀನ್ ಮೇಲೆ ಕೊಳ್ಳಲು 20 ಅಂತಿದ್ದರೆ, ಅದೇ ಕ್ಷಣ ಮಾರಲು ಹೋದರೆ 17 ಕೊಡಬಹುದು. ಮಾರ್ಕೆಟ್‌ನ ಅಂದಾಜು ಇವೆರಡರ ನಡುವೆ ಎಲ್ಲೋ ಇದೆ, ನೀವು ಕೂಡಿದ್ದು ಮಾತ್ರ ಎಲ್ಲಾ ತಂಡಗಳ ಕೊಳ್ಳುವ ಬೆಲೆಯನ್ನು. ಜೊತೆಗೆ ಶುಲ್ಕ. ಜೊತೆಗೆ ಅಭಿಮಾನ. ಡ್ಯೂಕ್‌ನಂಥ ಹೆಸರಿಗೆ ಒಂದೆರಡು ಸೆಂಟ್ ಪ್ರೀತಿಗೇ ಸೇರಿಕೊಂಡಿರುತ್ತದೆ ಅಂತ ನನ್ನ ಅನುಮಾನ.

ಪಂದ್ಯ ನಡೆಯುವಾಗ ಬೆಲೆ ನೋಡುವುದಿದ್ದರೆ ಎದೆ ಗಟ್ಟಿ ಇರಲಿ. 2025ರ ಸೆಮಿಫೈನಲ್ ನೆನಪಿದೆಯಲ್ಲ? ಸ್ಟಾರ್ ಆಟಗಾರ ಕೂಪರ್ ಫ್ಲಾಗ್ ಇದ್ದ ಡ್ಯೂಕ್, ಕೊನೆಯ ನಿಮಿಷದ ಒಳಗೆ 6 ಪಾಯಿಂಟ್ ಮುಂದೆ. ಆಗ 95 ಸೆಂಟ್ ಕೊಟ್ಟು ಕೊಂಡವನನ್ನು ಯಾರೂ ಪೆದ್ದ ಅನ್ನುತ್ತಿರಲಿಲ್ಲ. ಆದರೆ ಎದುರಾಳಿ ಹ್ಯೂಸ್ಟನ್ 70-67ರಲ್ಲಿ ಗೆದ್ದು ಮುಗಿಸಿತು. ಎರಡು ದಿನ ಬಿಟ್ಟು ಫೈನಲ್‌ನಲ್ಲಿ ಅದೇ ಹ್ಯೂಸ್ಟನ್ ದ್ವಿತೀಯಾರ್ಧದಲ್ಲಿ 12 ಪಾಯಿಂಟ್ ಮುಂದಿದ್ದು ಫ್ಲೋರಿಡಾಗೆ 65-63ರಲ್ಲಿ ಸೋತಿತು. ಕೊನೆಗೆ ಒಂದು ಶಾಟ್ ಹೊಡೆಯುವುದಕ್ಕೂ ಆಗಲಿಲ್ಲ. ಹ್ಯೂಸ್ಟನ್‌ನ ಎಮ್ಯಾನ್ಯುಯೆಲ್ ಶಾರ್ಪ್ ಮೂರು ಪಾಯಿಂಟ್ ಗೆರೆ ಆಚೆ ಚೆಂಡು ಹಿಡಿದು ಹಾರಿದ. ಫ್ಲೋರಿಡಾದ ವಾಲ್ಟರ್ ಕ್ಲೇಟನ್ ಮೈಮೇಲೇ ಬಂದ. ಶಾರ್ಪ್ ಗಾಳಿಯಲ್ಲೇ ಚೆಂಡು ಕೈಬಿಟ್ಟ, ತಾನೇ ಮತ್ತೆ ಮುಟ್ಟಿದರೆ ಟ್ರಾವೆಲಿಂಗ್ (ನಿಯಮ ಉಲ್ಲಂಘನೆ), ಹಾಗಾಗಿ ಅದು ಪುಟಿಯುವುದನ್ನು ನೋಡುತ್ತಾ ನಿಂತ. ಅಷ್ಟರಲ್ಲಿ ಟೈಮ್ ಮುಗಿಯಿತು.

ಮೈಸೂರ್_ಹೂಪ್ಸ್:
ಇಲ್ಲಿಂದ, ಅಂದರೆ ಭಾರತದಿಂದ, ಆಡಬಹುದಾ? ಸುಮ್ನೆ ಕೇಳಿದೆ.

ಲೆಕ್ಕದ_ಮೇಷ್ಟ್ರು:
ಬೇಡ. 2025ರ ಆಗಸ್ಟ್‌ನಲ್ಲಿ ಪಾಸಾದ ಆನ್‌ಲೈನ್ ಗೇಮಿಂಗ್ ಕಾನೂನು ಹಣ ಕಟ್ಟಿ ಆಡುವ ಆಟ ನಡೆಸುವುದನ್ನೇ ನಿಷೇಧಿಸಿದೆ. ಜಾಹೀರಾತು ಕೊಡುವಂತಿಲ್ಲ, ಬ್ಯಾಂಕ್‌ಗಳು ಹಣ ದಾಟಿಸುವಂತಿಲ್ಲ. ಇಂಥದ್ದೇ ಭಾರತದ ಆ್ಯಪ್ ಪ್ರೋಬೋ ಕೂಡ ಹಣದ ಆಟ ನಿಲ್ಲಿಸಿತು. ಅಮೆರಿಕದಲ್ಲೂ ಎಲ್ಲಾ ನಿರಾಳ ಅಂತಲ್ಲ. ನಾವು ಕೇಂದ್ರದ ಫ್ಯೂಚರ್ಸ್ ಮಾರುಕಟ್ಟೆ ನಿಯಂತ್ರಕ ಸಿಎಫ್‌ಟಿಸಿ ಕೆಳಗೆ ಬರುತ್ತೇವೆ ಅಂತ ಕಾಲ್ಶಿ, ಇದು ಬೆಟ್ಟಿಂಗೇ ಅಂತ ನೆವಾಡಾ, ನ್ಯೂ ಜೆರ್ಸಿಯಂಥ ರಾಜ್ಯಗಳು. ಕೋರ್ಟ್ ಮೆಟ್ಟಿಲು ಹತ್ತಿದ್ದಾರೆ.

ಕ್ಯಾರಿ_ಕನ್ನಡಿಗ:
ಥ್ಯಾಂಕ್ಸ್, ಈಗ ಬಿಡಿಸಿ ಹೇಳಿದಂತಾಯಿತು. ಕೊನೆಯ ತರಲೆ ಪ್ರಶ್ನೆ: 1ನೇ ಸೀಡ್‌ನ ನಾಲ್ಕೂ ತಂಡ ಕೊಂಡುಬಿಟ್ಟರೆ? ಯಾವುದಾದರೂ ಒಂದು ಗೆಲ್ಲುತ್ತದೆ ಅಲ್ವಾ?

ಲೆಕ್ಕದ_ಮೇಷ್ಟ್ರು:
1985ರಿಂದ 2025ರ ತನಕ 40 ಟೂರ್ನಿ (2020ರಲ್ಲಿ ಕೋವಿಡ್, ನಡೆಯಲಿಲ್ಲ). 26 ಸಲ ಚಾಂಪಿಯನ್ ಆಗಿದ್ದು 1ನೇ ಸೀಡ್. ಅಂದರೆ ಶೇ 65. ನಾಲ್ಕೂ ಸೇರಿ 58 ಸೆಂಟ್‌ಗೆ ಸಿಕ್ಕರೆ ನನಗೂ ಹೇಳಿ, 70 ಕೇಳಿದರೆ ಆಫೀಸಿನ ಬ್ರಾಕೆಟ್ ಪೂಲ್‌ಗೇ ದುಡ್ಡು ಹಾಕಿ.